2018ರ ಸ್ವಿಫ್ಟ್ ಪೆಟ್ರೋಲ್: ಆಟೋಕ್ರಾಸ್‌ಗೆ ತೂಕ ಇಳಿಸೋದು ಎಲ್ಲಿಂದ ಶುರು ಮಾಡಬೇಕು?

ಎರಡನೇ_ಗೇರ್:

ನಮಸ್ಕಾರ. ಗಾಡಿ 2018ರ ಸ್ವಿಫ್ಟ್ ವಿಎಕ್ಸ್‌ಐ, 1.2 ಪೆಟ್ರೋಲ್, ಮ್ಯಾನ್ಯುವಲ್. ಸ್ಟೀಲ್ ರಿಮ್, 165/80 ಆರ್14 ಟೈರ್. ವಾರವೆಲ್ಲ ಆಫೀಸಿನ ಓಡಾಟ, ಆಗೊಂದು ಈಗೊಂದು ಭಾನುವಾರ ಆಟೋಕ್ರಾಸ್ (ಮೈದಾನದಲ್ಲಿ ಗುರುತು ಹಾಕಿದ ದಾರಿಯಲ್ಲಿ ಗಡಿಯಾರದ ವಿರುದ್ಧ ಓಡಿಸೋ ಸ್ಪರ್ಧೆ). ಎಂಜಿನ್ನೂ ಮುಟ್ಟಲ್ಲ, ಅದರ ಕಂಪ್ಯೂಟರ್ ಇಸಿಯುನೂ ಮುಟ್ಟಲ್ಲ. ತೂಕ ಇಳಿಸಿದರೆ ನಿಜವಾಗಿ ಎಷ್ಟು ಸಿಗುತ್ತೆ, ಯಾವುದರಿಂದ ಶುರು ಮಾಡಬೇಕು? ತಲೆಯಲ್ಲಿ ಓಡ್ತಿರೋದು ಇಷ್ಟು: ಫೈಬರ್ ಬಾನೆಟ್, ಲಿಥಿಯಂ ಬ್ಯಾಟರಿ, ಹಿಂದಿನ ಡೋರುಗಳಿಗೆ ಪಾಲಿಕಾರ್ಬೊನೇಟ್ ಗಾಜು, ಸದ್ದು ತಡೆಯೋಕೆ ಫ್ಲೋರಿಗೆ ಅಂಟಿಸಿರೋ ಡಾಂಬರ್ ಶೀಟ್ ಕೀಳೋದು. ಸೋಮವಾರ ಬೆಳಗ್ಗೆ ಮನೆಯವರನ್ನ ಕೂರಿಸಿಕೊಂಡು ಹೋಗೋ ಹಾಗೆ ಗಾಡಿ ಇರಬೇಕು, ಷರತ್ತು ಅದೊಂದೇ.

ಪ್ಲಾಟ್‌ಫಾರ್ಮ್_ತಕ್ಕಡಿ:

ನಿಮ್ಮ ಪಟ್ಟಿಯಲ್ಲಿರೋ ನಾಲ್ಕೂ ಕೊನೆಗೆ ಮಾಡುವಂಥವು. ಮೊದಲು ತೆಗೀಬೇಕಾದದ್ದು ಒಂದೂ ಪಟ್ಟಿಯಲ್ಲಿಲ್ಲ.

ಸ್ಪ್ಯಾನರ್ ಹಿಡಿಯೋ ಮುಂಚೆ ಗಾಡಿ ತೂಕ ಮಾಡಿಸಿ. ಕಂಪನಿ ಲೆಕ್ಕದಲ್ಲಿ ಈ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್ ಮಾಡೆಲ್ ಮೇಲೆ 855ರಿಂದ 880 ಕೆ.ಜಿ. ಲಾರಿ ತೂಗೋ ವೇಬ್ರಿಡ್ಜ್ ಸಾಮಾನ್ಯವಾಗಿ 5 ಅಥವಾ 10 ಕೆ.ಜಿ. ಹೆಜ್ಜೆಯಲ್ಲಿ ಓದುತ್ತೆ. ಒಟ್ಟು ತೂಕ ತಿಳಿಯೋಕೆ ಅದು ಸಾಕು, ಒಂದು ಬ್ಯಾಟರಿ ಬದಲಿಸಿದ್ದು ಅದರಲ್ಲಿ ಕಾಣಲ್ಲ. ಬಿಚ್ಚಿದ ಪ್ರತಿ ಸಾಮಾನನ್ನೂ ಲಗೇಜ್ ತೂಗೋ ಕೊಕ್ಕೆ ತಕ್ಕಡಿಗೆ ನೇತುಹಾಕಿ ಪುಸ್ತಕದಲ್ಲಿ ಬರೆದಿಡಿ. ಹಾಗೆ ಬರೆಯದವರು 20 ಕೆ.ಜಿ. ಇಳಿಸಿ 50 ಅಂತ ಹೇಳಿಕೊಂಡು ಓಡಾಡ್ತಾರೆ.

ಇನ್ನೊಂದು ಮಾತು. ಹಿಂದಿನ ತಲೆಮಾರಿನ ಸ್ವಿಫ್ಟ್‌ಗಿಂತ ಈ ಬಾಡಿಯನ್ನ ಕಂಪನಿಯವರೇ ಸುಮಾರು 80 ಕೆ.ಜಿ. ಇಳಿಸಿದ್ದಾರೆ. ತೆಳು ತಗಡು, ಗಟ್ಟಿ ಜಾತಿಯ ಸ್ಟೀಲು. ಹಳೇ ಮಾರುತಿ ಎಸ್ಟೀಮ್ ಕಾರಿನಲ್ಲಿ ಮಾಡಿದ ಹಾಗೆ ಸಿಕ್ಕಿದ್ದೆಲ್ಲ ಕೊಯ್ಯೋಕೆ ಇಲ್ಲಿ ಹೆಚ್ಚುವರಿ ಕಬ್ಬಿಣವೇ ಇಲ್ಲ.

ದುಡ್ಡು ಖರ್ಚಿಲ್ಲದೆ ಇಳಿಯೋದು ಇಷ್ಟು. ಪೆಟ್ರೋಲು: ಟ್ಯಾಂಕ್ 37 ಲೀಟರ್, ಲೀಟರಿಗೆ ಸುಮಾರು 0.74 ಕೆ.ಜಿ., ತುಂಬಿದ್ದರೆ 27 ಕೆ.ಜಿ. ಮೈದಾನಕ್ಕೆ 10 ಲೀಟರಿನಲ್ಲಿ ಹೋದರೆ 20 ಕೆ.ಜಿ. ಅಲ್ಲೇ ಹೋಯ್ತು. ಅದಕ್ಕಿಂತ ಕೆಳಗೆ ಇಳಿಸಬೇಡಿ; ಉದ್ದ ತಿರುವಿನಲ್ಲಿ ಪೆಟ್ರೋಲೆಲ್ಲ ಟ್ಯಾಂಕಿನ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೀತು ಅಂದ್ರೆ ತಿರುವಿನಿಂದ ಹೊರಬರೋ ಹೊತ್ತಿಗೆ ಸರಿಯಾಗಿ ಎಂಜಿನ್ ಮುಗ್ಗರಿಸುತ್ತೆ. ಪಂಪ್ ತಣ್ಣಗಿರೋದೂ ಆ ಪೆಟ್ರೋಲಿನಿಂದಲೇ.

ಸ್ಟೆಪ್ನಿ, ಜಾಕ್, ಹ್ಯಾಂಡಲ್, ಡಿಕ್ಕಿಯ ಟೂಲ್ ಎಲ್ಲ ಸೇರಿ 17 ಕೆ.ಜಿ. ಆಸುಪಾಸು. ಹಿಂದಿನ ಸೀಟು, ಕೂರೋ ಭಾಗ ಮತ್ತು ಒರಗೋ ಭಾಗ ಸೇರಿ 20ರ ಹತ್ತಿರ. ಮ್ಯಾಟು, ಪಾರ್ಸೆಲ್ ಟ್ರೇ, ಡೋರ್ ಪಾಕೆಟ್ಟಿನಲ್ಲಿರೋ ನೀರಿನ ಬಾಟ್ಲಿ, ಛತ್ರಿ, ದೇವಸ್ಥಾನದಿಂದ ತಂದು ಮರೆತ ತೆಂಗಿನಕಾಯಿ, ಎಲ್ಲ ಸೇರಿ 3-4. ಒಟ್ಟು 60 ಕೆ.ಜಿ.

ಇದರ ಬೆಲೆ ಎಷ್ಟು ಅಂತ ನೋಡಿ. 860ರ ಗಾಡಿ, 70ರ ಡ್ರೈವರ್, ಒಟ್ಟು 930. ಎಂಜಿನ್ 83 ಪಿಎಸ್ (ಅಶ್ವಶಕ್ತಿ). ಟನ್ನಿಗೆ 89 ಪಿಎಸ್ ಬೀಳುತ್ತೆ. 60 ಇಳಿಸಿದರೆ 95. ತೂಕ ಇಳಿಸದೆ ಅಷ್ಟೇ ಅನುಪಾತ ಬೇಕು ಅಂದ್ರೆ ಎಂಜಿನ್ನಿನಿಂದ ಇನ್ನೂ ಐದಾರು ಪಿಎಸ್ ತೆಗೀಬೇಕು. ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿ ಅಷ್ಟು ಬರಲ್ಲ. ಎಂಜಿನ್ ಪವರ್ ಬ್ರೇಕ್ ಹಾಕುವಾಗ ಏನೂ ಕೊಡಲ್ಲ, ಕಡಿಮೆಯಾದ ತೂಕ ಅಲ್ಲೂ ಕೊಡುತ್ತೆ.

ಹಿಂದಿನ ಸೀಟನ್ನ ಮನೆಯಲ್ಲೇ ಬಿಟ್ಟು ರಸ್ತೆಗೆ ಬರಬೇಡಿ. ಆರ್‌ಸಿಯಲ್ಲಿ ಇಷ್ಟು ಸೀಟು ಅಂತ ಬರೆದಿರುತ್ತೆ, ಅದಕ್ಕೆ ಹೊಂದದ ಬದಲಾವಣೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕೆಳಗೆ ಬರುತ್ತೆ. ಮೈದಾನದಲ್ಲೇ ಟಾರ್ಪಾಲ್ ಹಾಸಿ ಬಿಚ್ಚಿಡಿ, ಸಂಜೆ ಅಲ್ಲೇ ಕೂರಿಸಿ. ಕೈ ಕೂತರೆ ಇಪ್ಪತ್ತು ನಿಮಿಷದ ಕೆಲಸ. ಬೋಲ್ಟುಗಳನ್ನ ಬಿಚ್ಚಿದ ತೂತಿಗೇ ಎರಡು ಸುತ್ತು ತಿರುಗಿಸಿಡಿ, ಕಳೆಯಲ್ಲ. ಬೆಲ್ಟ್ ಬಕಲ್‌ಗಳು ಫ್ಲೋರಿನ ಮೇಲೆ ಬಡಿದಾಡದಂತೆ ಝಿಪ್ ಟೈ ಕಟ್ಟಿ. ಸೀಟು ತೆಗೆದ ಕಡೆ ಪೆಟ್ರೋಲ್ ಪಂಪಿನ ಮುಚ್ಚಳ ಇದ್ದರೆ ಅದು ಸರಿಯಾಗಿ ಕೂತಿದೆಯಾ ನೋಡಿ. ಸಡಿಲವಿದ್ದರೆ ಧೂಳು ನೇರ ಅಲ್ಲಿಗೇ ಹೋಗುತ್ತೆ.

ನೀವು ಇಳಿಯೋ ಕ್ಲಾಸಿನಲ್ಲಿ ಸೀಟು ತೆಗೆಯೋಕೆ ಅನುಮತಿ ಇದೆಯಾ ಅಂತ ಆಯೋಜಕರ ಸಪ್ಲಿಮೆಂಟರಿ ರೆಗ್ಯುಲೇಶನ್ (ಆ ಸ್ಪರ್ಧೆಯ ನಿಯಮ ಪುಸ್ತಕ) ಓದಿ. ಸ್ಟಾಕ್ ಕ್ಲಾಸ್ (ಬದಲಾವಣೆ ಮಾಡದ ಗಾಡಿಗಳ ವರ್ಗ) ಅಂತ ಹೆಸರು ಕೊಟ್ಟು ಸೀಟು ತೆಗೆದಿದ್ದರೆ ಸ್ಪರ್ಧೆಗೆ ಮುಂಚಿನ ಗಾಡಿ ತಪಾಸಣೆಯಲ್ಲೇ ವಾಪಸ್ ಕಳಿಸಬಹುದು.

ಗೋಕುಲ್_ರೋಡ್_ತಗಡು:

ಮ್ಯಾಲಿನವರು ಹೇಳಿದ್ದು ಖರೇ. ನಾ ಬರೇ ಬಾನೆಟ್ ಮತ್ತ ಗ್ಲಾಸಿನ ಲೆಕ್ಕಾ ಹೇಳ್ತೀನಿ.

ಬಾನೆಟ್ಟಿನ ಮ್ಯಾಲಿನ ತಗಡು 0.7 ಮಿ.ಮೀ., ವಿಸ್ತೀರ್ಣ 1.2 ಚದರ ಮೀಟರ್ ಅಂತ ಹಿಡೀರಿ. ಸ್ಟೀಲಿನ ಸಾಂದ್ರತಾ 7.85. ಅಂದ್ರ 6.6 ಕೆ.ಜಿ. ಒಳಗಿನ ಫ್ರೇಮು, ಕೊಂಡಿ ಸೇರಿ ಹತ್ತರ ಮ್ಯಾಲೆ ಹೋಗ್ತದ. ಈಗ ಕೈಲೆ ರೆಸಿನ್ ಬಳದು ಮಾಡಿದ ಫೈಬರ್ ಬಾನೆಟ್ ತಗೋರಿ. 3 ಮಿ.ಮೀ. ದಪ್ಪ, ಸಾಂದ್ರತಾ 1.6. ಮ್ಯಾಲಿನ ಪದರಷ್ಟ 5.8 ಕೆ.ಜಿ. ಆತು! ಒಳಗ ಪಟ್ಟಿ ಕೊಡಲಿಲ್ಲಂದ್ರ 80 ಕಿ.ಮೀ. ವೇಗದ ಮ್ಯಾಲೆ ಅದು ತಮಟಿ ಬಡದಂಗ ಅಲುಗತದ, ಪಟ್ಟಿ ಕೊಟ್ರ ತೂಕ ಮತ್ತ ಎಂಟು-ಒಂಬತ್ತಕ್ಕ ಬರ್ತದ. ಉಳಿದದ್ದು ಎರಡು ಕೆ.ಜಿ. ಅದರಾಗ ಬಾನೆಟ್ ಪಿನ್ ಬ್ಯಾರೆ ಹಾಕಬೇಕು, ಯಾಕಂದ್ರ ಮೂಲ ಲಾಕಿನ ಜಗ್ಗಾಟಕ್ಕ ಫೈಬರ್ ಹರೀತದ. ವ್ಯಾಕ್ಯೂಮ್ ಹಾಕಿ 1.5 ಮಿ.ಮೀ. ದಪ್ಪದಾಗ ಮಾಡಿದ್ದಿದ್ರ ಮಾತ ಬ್ಯಾರೆ. ಖರೀದಿ ಮಾಡೂ ಮುಂದ ಅಂಗಡ್ಯಾಗನ ತೂಕ ಹಚ್ರಿ.

ಮತ್ತೊಂದು ಯಾರೂ ಹೇಳೂದಿಲ್ಲ. ಕಂಪನಿ ಬಾನೆಟ್ಟಿನ ಒಳ ಫ್ರೇಮಿನಾಗ ನಡುವ ಬೇಕಂತನ ಒಂದು ಬಲ ಕಡಿಮಿ ಗೆರಿ ಬಿಟ್ಟಿರ್ತಾರ. ಮುಂದಿನಿಂದ ಗುದ್ದಿದ್ರ ಅದು ಅಲ್ಲೇ ಮಡಚ್ಕೋತದ, ಹಿಂದ ಸರದು ಗ್ಲಾಸಿಗೆ ಬರೂದಿಲ್ಲ. ಅಂಗಡಿ ಫೈಬರಿನಾಗ ಆ ಗೆರಿ ಇರೂದಿಲ್ಲ.

ಪಾಲಿಕಾರ್ಬೊನೇಟಿನ ಲೆಕ್ಕಾ: ಗಾಜಿನ ಸಾಂದ್ರತಾ 2.5, ಇದರದ್ದು 1.2. ಹಿಂದಿನ ಡೋರಿನ ಗ್ಲಾಸು 0.3 ಚದರ ಮೀಟರ್, 3.2 ಮಿ.ಮೀ. ದಪ್ಪ ಹಿಡದ್ರ 2.4 ಕೆ.ಜಿ. 3 ಮಿ.ಮೀ. ಪಾಲಿಕಾರ್ಬೊನೇಟ್ 1.1. ಎರಡೂ ಕಡೆ ಸೇರಿ ಉಳಿಯೂದು 2.6 ಕೆ.ಜಿ. ಅಷ್ಟಕ್ಕ ಕಿಟಕಿ ಇಳಸೂದು ಕಳ್ಕೋತೀರಿ, ಗೀರು ಬೀಳ್ತಾವು. ರಸ್ತೆ ಮ್ಯಾಲಿನ ಗಾಡಿಗೆ ಐಎಸ್ 2553 ಗುರ್ತಿನ ಗ್ಲಾಸ್ ಬೇಕು, ಅಂಗಡ್ಯಾಗ ಕೊಯ್ದು ಕೊಟ್ಟ ಶೀಟಿನ ಮ್ಯಾಲೆ ಆ ಗುರ್ತು ಎಲ್ಲಿಂದ ಬರ್ಬೇಕು? ಬರೇ ಟ್ರ್ಯಾಕಿನ ಗಾಡಿ ಇದ್ರ ಹಾಕ್ರಿ. ಬೋಲ್ಟ್ ಎಂ5 ಇದ್ರ ತೂತು 7 ಮಿ.ಮೀ. ಹೊಡೀರಿ, ಅಡಿಗೆ ರಬ್ಬರ್ ವಾಷರ್. 600 ಮಿ.ಮೀ. ಶೀಟು 30 ಡಿಗ್ರಿ ಬಿಸಿಲಿಗೆ ಒಂದು ಮಿ.ಮೀ.ಗಿಂತ ಹೆಚ್ಚು ಹಿಗ್ಗತದ. ಬಿಗಿ ತೂತಿದ್ರ ಬೋಲ್ಟಿನಿಂದನ ಸೀಳು ಶುರು ಆಗ್ತದ. ಪೆಟ್ರೋಲ್, ಥಿನ್ನರ್ ಹಚ್ಚಿ ಒರಸಬ್ಯಾಡ್ರಿ. ಅಕ್ರಿಲಿಕ್ ಶೀಟ್ ಮಾತ್ರ ಯಾವ ಕಾಲಕ್ಕೂ ಬ್ಯಾಡ, ಒಡದ್ರ ಚೂರಿ ಆಗ್ತದ.

ಡೋರಿನ ಒಳಗಿನ ಅಡ್ಡ ಪೈಪು, ಬಂಪರಿನ ಹಿಂದಿನ ಕಬ್ಬಿಣದ ಪಟ್ಟಿ, ಟ್ಯಾಂಕಿನ ಹತ್ರದ ಹೀಟ್ ಶೀಲ್ಡ್, ಈ ಮೂರಕ್ಕ ಕೈ ಹಚ್ಚಬ್ಯಾಡ್ರಿ.

ರಿಮ್_ಟೈರ್_ಲೆಕ್ಕ:

ತಿರುಗೋ ತೂಕದ ಬಗ್ಗೆ ಯಾರೂ ಇನ್ನೂ ಬರೆದಿಲ್ಲ.

ಡಿಕ್ಕಿಯಲ್ಲಿ ಕೂತ 1 ಕೆ.ಜಿ.ಯನ್ನ ಎಂಜಿನ್ ಬರೀ ಮುಂದಕ್ಕೆ ಎಳೆದರೆ ಸಾಕು. ಚಕ್ರದಲ್ಲಿರೋ 1 ಕೆ.ಜಿ.ಯನ್ನ ಮುಂದಕ್ಕೂ ಎಳೀಬೇಕು, ತಿರುಗಿಸಲೂ ಬೇಕು. ಟೈರಿನ ಹೊರಮೈ ಹತ್ತಿರದ 1 ಕೆ.ಜಿ., ವೇಗ ಏರಿಸುವಾಗ ಸುಮಾರು 1.9 ಕೆ.ಜಿ. ಇದ್ದ ಹಾಗೆ. ರಿಮ್ಮಿನ 1 ಕೆ.ಜಿ. ಸುಮಾರು 1.3-1.4. ಹಾಗಾಗಿ ಟೈರ್ ಕೊಳ್ಳುವಾಗ ಒಂದೇ ಸೈಜಿನ ಎರಡು ಕಂಪನಿಯದನ್ನ ತೂಗಿ ನೋಡಿ, ಒಂದೊಂದು ಕೆ.ಜಿ. ವ್ಯತ್ಯಾಸ ಸುಲಭವಾಗಿ ಸಿಗುತ್ತೆ.

ಅಲಾಯ್ ಅಂದ ಮಾತ್ರಕ್ಕೆ ಹಗುರ ಅಲ್ಲ. ನಿಮ್ಮ 14 ಇಂಚಿನ ಸ್ಟೀಲ್ ರಿಮ್ 7 ಕೆ.ಜಿ. ಆಸುಪಾಸು ಇರುತ್ತೆ. ಅಗ್ಗದ ಎರಕದ 15-16 ಇಂಚಿನ ಅಲಾಯ್ ಅಷ್ಟೇ ಇರಬಹುದು, ಹೆಚ್ಚೂ ಇರಬಹುದು. ಅಂಚಿನ ಲೋಹ ಇನ್ನಷ್ಟು ಹೊರಗೆ ಹೋಗಿರೋದರಿಂದ ನಷ್ಟ ಎರಡು ಪಟ್ಟು. ಹಗುರ ಬೇಕಾದರೆ 14 ಅಥವಾ 15ರಲ್ಲೇ ಫ್ಲೋ ಫಾರ್ಮ್ ಮಾಡಿದ್ದನ್ನ (ಎರಕದ ನಂತರ ರೋಲರ್ ಒತ್ತಿ ಅಂಚು ತೆಳ್ಳಗೆ ಮಾಡಿದ್ದು) ಹುಡುಕಿ. ಸ್ವಿಫ್ಟಿಗೆ ಪಿಸಿಡಿ (ಬೋಲ್ಟುಗಳ ಸಂಖ್ಯೆ, ಅವು ಕೂತಿರೋ ವೃತ್ತದ ವ್ಯಾಸ) 4x100, ನಡುವಿನ ತೂತು 54.1 ಮಿ.ಮೀ., ನಟ್ಟಿನ ಮರೆ ಎಂ12x1.25. ಹೊರಗಿನ ರಿಮ್ಮಿನ ನಡುತೂತು 73.1 ಇದ್ದರೆ 73.1–54.1 ಸೈಜಿನ ಹಬ್ ರಿಂಗ್ (ನಡುವಿನ ಸಂದು ತುಂಬೋ ಬಳೆ) ಹಾಕದೆ ಕೂರಿಸಬೇಡಿ. 80-90 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತೆ, ಬ್ಯಾಲೆನ್ಸಿಂಗ್ ಅಂಗಡಿಗೆ ಮೂರು ಸಲ ಹೋಗಿ ಬರ್ತೀರಿ. ನಟ್ಟಿನ ಸೀಟು 60 ಡಿಗ್ರಿ ಇಳಿಜಾರಿನದಾ, ಗುಂಡಗಿನದಾ ಅಂತಲೂ ನೋಡಿ. ತಪ್ಪು ನಟ್ ಹಾಕಿದರೆ ಟಾರ್ಕ್ ಸರಿ ತೋರಿಸುತ್ತೆ, 50 ಕಿ.ಮೀ. ಓಡಿದ ಮೇಲೆ ಸಡಿಲ ಆಗಿರುತ್ತೆ.

ಫ್ಲೈವೀಲ್ (ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ತಿರುಗೋ ಭಾರದ ಚಕ್ರ) ಬಗ್ಗೆ ಯಾರಾದರೂ ಹೇಳೇ ಹೇಳ್ತಾರೆ, ನಾನೇ ಮೊದಲು ಹೇಳಿಬಿಡ್ತೀನಿ. ಕಾಗದದ ಮೇಲೆ ಅದರಷ್ಟು ಲಾಭ ಯಾವುದರಲ್ಲೂ ಇಲ್ಲ. ಮಧ್ಯದಿಂದ 12 ಸೆಂ.ಮೀ. ದೂರದ 1 ಕೆ.ಜಿ. ತೆಗೆದರೆ, ಮೊದಲ ಗೇರಿನ ಒಟ್ಟು ಅನುಪಾತ 14, ಚಕ್ರದ ತ್ರಿಜ್ಯ 30 ಸೆಂ.ಮೀ. ಅಂತ ಹಿಡಿದರೆ, ಗಾಡಿಯಿಂದ 31 ಕೆ.ಜಿ. ಇಳಿಸಿದಷ್ಟು ಆಗುತ್ತೆ. ಎರಡನೇ ಗೇರಿನಲ್ಲಿ ಅನುಪಾತ 8 ಅಂತಿಟ್ಟರೆ 10 ಕೆ.ಜಿ. ಅನುಪಾತದ ವರ್ಗದ ಲೆಕ್ಕ ಅದು, ಮೇಲಿನ ಗೇರಿಗೆ ಹೋದಂತೆ ಕರಗಿ ಹೋಗುತ್ತೆ. ಆದರೆ ಗೇರ್‌ಬಾಕ್ಸ್ ಇಳಿಸಬೇಕು, ಐಡ್ಲಿಂಗ್ ಒರಟಾಗುತ್ತೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಲಚ್ ಬಿಡುವಾಗೆಲ್ಲ ಆಫ್ ಆಗುತ್ತೆ. ಮೂಲ ಎರಕದ ಫ್ಲೈವೀಲನ್ನೇ ಲೇತಿಗೆ ಕೊಟ್ಟು ತೆಳ್ಳಗೆ ಮಾಡಿಸೋದು, ತೂತು ಹೊಡೆಸೋದು ಬೇಡವೇ ಬೇಡ. 6000 ಆರ್‌ಪಿಎಂನಲ್ಲಿ ಎರಕ ಸೀಳಿದರೆ ಚೂರು ಬರೋದು ಅದರ ಕವಚವಾದ ಬೆಲ್ ಹೌಸಿಂಗ್ ಒಡೆದುಕೊಂಡು ನಿಮ್ಮ ಕಾಲಿನ ಕಡೆಗೆ. ನಿಮ್ಮ ಸೋಮವಾರದ ಷರತ್ತಿಗೆ ಇದು ಹೊಂದಲ್ಲ.

ಎರಡನೇ_ಗೇರ್:

ಬಾನೆಟ್ಟೂ ಗಾಜೂ ಕೈಬಿಟ್ಟೆ. ಉಳಿದದ್ದು ಬ್ಯಾಟರಿ, ಡಾಂಬರ್ ಶೀಟ್. ಪಕ್ಕದ ಸೀಟು ತೆಗೆದರೆ ಹೇಗೆ? ಇನ್ನೊಂದು, ಸ್ಟೆಪ್ನಿ ಇಲ್ಲದೆ ರಸ್ತೆಯಲ್ಲಿ ಓಡಿಸಿದರೆ ತೊಂದರೆ ಇದೆಯಾ?

ಹಳದಿ_ಕನೆಕ್ಟರ್:

ಸ್ಟೆಪ್ನಿ: 2020ರ ತಿದ್ದುಪಡಿಯ ಪ್ರಕಾರ ಟೈರ್ ಪ್ರೆಶರ್ ಮಾನಿಟರೂ ಪಂಕ್ಚರ್ ರಿಪೇರಿ ಕಿಟ್ಟೂ ಇರೋ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ನಿಮ್ಮ ವಿಎಕ್ಸ್‌ಐನಲ್ಲಿ ಮಾನಿಟರ್ ಇಲ್ಲ. ರಸ್ತೆಯಲ್ಲಿ ಸ್ಟೆಪ್ನಿ ಇರಲಿ, ಮೈದಾನದಲ್ಲಿ ಇಳಿಸಿ.

ಪಕ್ಕದ ಸೀಟು ನಾಲ್ಕು ಬೋಲ್ಟು, ಸುಮಾರು 15 ಕೆ.ಜಿ. ಬಿಚ್ಚೋ ಮುಂಚೆ ಕೆಳಗೆ ಬಗ್ಗಿ ನೋಡಿ. ಹಳದಿ ಬಣ್ಣದ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗ್ ಸರ್ಕ್ಯೂಟಿನದು. ಇಗ್ನಿಷನ್ ಆಫ್, ಬ್ಯಾಟರಿ ನೆಗೆಟಿವ್ ತೆಗೆದು ಕನಿಷ್ಠ 90 ಸೆಕೆಂಡ್ ಕಾಯಿರಿ, ಆಮೇಲೆ ಕನೆಕ್ಟರ್. ಬಿಚ್ಚಿಟ್ಟ ಸ್ಥಿತಿಯಲ್ಲಿ ಕೀ ಆನ್ ಮಾಡಿದರೆ ಏರ್‌ಬ್ಯಾಗ್ ಲೈಟ್ ಹತ್ತಿ ದೋಷ ದಾಖಲಾಗುತ್ತೆ, ವಾಪಸ್ ಹಾಕಿದ ಮೇಲೂ ಸ್ಕ್ಯಾನರಿನಿಂದ ಅಳಿಸಬೇಕಾಗಬಹುದು. ಆ ವೈರಿಗೆ ಮಲ್ಟಿಮೀಟರ್ ಹಚ್ಚಿ ಓಮ್ಸ್ ನೋಡಬೇಡಿ, ಮೀಟರಿನ ಸಣ್ಣ ಕರೆಂಟೇ ಸಿಡಿಸೋಕೆ ಸಾಕಾಗಬಹುದು. ಇಷ್ಟೆಲ್ಲ ರಗಳೆ ಇರೋದರಿಂದ ಪ್ರತಿ ತಿಂಗಳು ಬಿಚ್ಚಿ ಹಾಕೋ ಗಾಡಿಯಲ್ಲಿ ಆ ಸೀಟು ಅಲ್ಲೇ ಇರಲಿ ಅನ್ನೋದು ನನ್ನ ಲೆಕ್ಕ.

ಬ್ಯಾಟರಿ: 35 ಎಎಚ್ ಲೆಡ್ ಆಸಿಡ್ ಬ್ಯಾಟರಿ 9-10 ಕೆ.ಜಿ. ಸಣ್ಣ ಲಿಥಿಯಂ ಐರನ್ ಫಾಸ್ಫೇಟ್ ಮೂರರ ಆಸುಪಾಸು. 6-7 ಕೆ.ಜಿ. ಉಳಿತಾಯ, ಅದೂ ಮೂಗಿನ ಕಡೆಯಿಂದ. ಮಿಕ್ಕಿದ್ದೆಲ್ಲ ಹಿಂದಿನಿಂದಲೇ ಹೋಗ್ತಿರೋದರಿಂದ ಇದಕ್ಕೆ ಬೆಲೆ ಇದೆ. ತೊಂದರೆ ಎರಡು. ಕಾರು ನಿಂತಾಗಲೂ ಅಲಾರಂ, ಗಡಿಯಾರ, ಇಸಿಯು ಸೇರಿ 30 ಮಿಲಿ ಆಂಪ್ ಎಳೀತಿದೆ ಅಂತಿಟ್ಟುಕೊಳ್ಳಿ. 10 ಎಎಚ್ ಬ್ಯಾಟರಿ ಒಂದೇ ವಾರದಲ್ಲಿ ಅರ್ಧ, ಎರಡು ವಾರದಲ್ಲಿ ಖಾಲಿ. ಪೂರ್ತಿ ಖಾಲಿಯಾದ ಲಿಥಿಯಂ ಮತ್ತೆ ಸರಿಯಾಗಿ ಚಾರ್ಜ್ ತಗೊಳ್ಳಲ್ಲ. ಎರಡನೆಯದು ಬಿಸಿ. ಎಂಜಿನ್ ಪಕ್ಕದ ಜಾಗ 60 ಡಿಗ್ರಿ ದಾಟಿದರೆ ಅದರ ಆಯಸ್ಸು ಬೇಗ ಮುಗಿಯುತ್ತೆ. ಹಾಕೋದೇ ಆದರೆ ಬಿಎಂಎಸ್ (ಬ್ಯಾಟರಿಯನ್ನ ಕಾಯೋ ಸರ್ಕ್ಯೂಟ್) ಇರೋದನ್ನ ತಗೊಳ್ಳಿ, ಕ್ಲಾಂಪ್ ಹೊಸದಾಗಿ ಮಾಡಿಸಿ; ಹಳೇ ಕ್ಲಾಂಪಿನ ಕೆಳಗೆ ಸಣ್ಣ ಬ್ಯಾಟರಿ ಕುಣಿದು ಟರ್ಮಿನಲ್ ಬಾನೆಟ್ಟಿಗೆ ತಾಗಿದರೆ ನೇರ ಶಾರ್ಟ್.

ಡಾಂಬರ್ ಶೀಟ್ ತೆಗೆಯೋ ಸರಿಯಾದ ದಾರಿ ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್). ಕಾರ್ಪೆಟ್, ಸೀಟು ಎಲ್ಲ ಹೊರಗೆ ಬರಬೇಕು. 3 ಕೆ.ಜಿ. ಡ್ರೈ ಐಸ್ ಕುಟ್ಟಿ ಪುಡಿ ಮಾಡಿ ಶೀಟಿನ ಮೇಲೆ ಹರಡಿ, ಮೇಲೆ ಗೋಣಿಚೀಲ ಮುಚ್ಚಿ. 5ರಿಂದ 10 ನಿಮಿಷದಲ್ಲಿ ಚಟಚಟ ಸದ್ದು ಬರುತ್ತೆ. ಡಾಂಬರೂ ತಗಡೂ ಒಂದೇ ಅಳತೆಯಲ್ಲಿ ಕುಗ್ಗಲ್ಲ, ನಡುವಿನ ಹಿಡಿತ ಬಿಟ್ಟಿದೆ ಅಂತ ಅರ್ಥ. ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಹಪ್ಪಳದ ಹಾಗೆ ಏಳುತ್ತೆ. ದಪ್ಪ ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಅದು ಮೈನಸ್ 78 ಡಿಗ್ರಿ. ನಾಲ್ಕೂ ಡೋರು, ಡಿಕ್ಕಿ ತೆರೆದಿರಲಿ, ಬಯಲಲ್ಲಿ ಮಾಡಿ. ಹೊಗೆ ಅಂತ ಕಾಣೋದರ ಜೊತೆ ಏಳೋ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಬಗ್ಗಿ ಕೆಲಸ ಮಾಡೋನ ಮೂಗಿನ ಹತ್ತಿರವೇ ನಿಲ್ಲುತ್ತೆ. ಹೀಟ್ ಗನ್ ಹಿಡಿದರೆ ಡಾಂಬರ್ ಕರಗಿ ಬಬಲ್‌ಗಮ್ ಆಗುತ್ತೆ, ಎರಡು ದಿನ ಹೋದರೂ ಮುಗಿಯಲ್ಲ.

ತಗಡುಗಳ ಜೋಡಣೆಯ ಮೇಲೆ ಬೂದು ಬಣ್ಣದ ಪಟ್ಟಿ ಕಾಣುತ್ತಲ್ಲ, ಅದು ಸೀಮ್ ಸೀಲರ್, ಡಾಂಬರ್ ಅಲ್ಲ. ಅದನ್ನ ಕಿತ್ತರೆ ಮೊದಲ ಮಳೆಗೇ ಫ್ಲೋರಿನಲ್ಲಿ ನೀರು. ಬಣ್ಣ ಎದ್ದ ಕಡೆ ಎಪಾಕ್ಸಿ ಪ್ರೈಮರ್ ಹಚ್ಚಲೇಬೇಕು. ಇಷ್ಟೆಲ್ಲ ಮಾಡಿ ಸಿಗೋದು ನಾಲ್ಕೈದು ಕೆ.ಜಿ. ಮತ್ತು ಒಳಗೆ ಕೂತವರಿಗೆ ಜಲ್ಲಿಕಲ್ಲಿನ ಸದ್ದು. ಅದಕ್ಕಿಂತ ಟ್ಯಾಂಕಿಗೆ ಆರು ಲೀಟರ್ ಕಡಿಮೆ ಹಾಕಿಸಿ.

ಪ್ಲಾಟ್‌ಫಾರ್ಮ್_ತಕ್ಕಡಿ:

ಒಂದು ವಿಷಯ ಬಿಟ್ಟುಹೋಗಿತ್ತು. 60 ಕೆ.ಜಿ. ಎಲ್ಲಿಂದ ಹೋಯ್ತು ಅನ್ನೋದೂ ಎಷ್ಟು ಹೋಯ್ತು ಅನ್ನೋದರಷ್ಟೇ ಮುಖ್ಯ.

ವೀಲ್‌ಬೇಸ್ 2450 ಮಿ.ಮೀ. ಸ್ಟೆಪ್ನಿ ಮತ್ತು ಟೂಲಿನ 17 ಕೆ.ಜಿ. ಹಿಂದಿನ ಆಕ್ಸಲ್‌ಗಿಂತ 40 ಸೆಂ.ಮೀ. ಹಿಂದಕ್ಕೆ ಕೂತಿದೆ ಅಂತ ಇಟ್ಟುಕೊಳ್ಳಿ. ತೆಗೆದರೆ ಹಿಂದಿನ ಚಕ್ರಗಳ ಮೇಲಿಂದ 19.8 ಕೆ.ಜಿ. ಹೋಗುತ್ತೆ, ಮುಂದಿನ ಚಕ್ರಗಳ ಮೇಲೆ 2.8 ಏರುತ್ತೆ. ಮರದ ಏರುಪೇರು ಹಲಗೆ ಆಟದ ಲೆಕ್ಕವೇ. ಸೀಟು, ಪೆಟ್ರೋಲ್ ಆಕ್ಸಲ್‌ಗಿಂತ ಸ್ವಲ್ಪ ಮುಂದಿವೆ, ಅವುಗಳಲ್ಲೂ ಬಹುಪಾಲು ಹಿಂದಿನಿಂದಲೇ ಹೋಗೋದು. ಮೊದಲು ಮುಂದೆ 62, ಹಿಂದೆ 38 ಶೇಕಡ ಇದ್ದ ಗಾಡಿ 66–34ಕ್ಕೆ ಬರುತ್ತೆ. ಮುಂದಿನ ಚಕ್ರ ಎಳೆಯೋ ಗಾಡಿಗೆ ಸ್ಟಾರ್ಟಿನಲ್ಲಿ ಅದು ಒಳ್ಳೇದೇ. ಬ್ರೇಕ್ ಹಾಕಿಕೊಂಡೇ ತಿರುವಿಗೆ ನುಗ್ಗಿದರೆ ಹಿಂಭಾಗ ಹಗುರಾಗಿ ಜಾರುತ್ತೆ, ಮಣ್ಣಿನಲ್ಲಿ ಎಬಿಎಸ್ ಬೇಗ ಕಟಕಟ ಅನ್ನೋಕೆ ಶುರು ಮಾಡುತ್ತೆ. ಮೊದಲ ಎರಡು ರನ್ ನಿಧಾನ ಹೋಗಿ. ಹಿಂದಿನ ಟೈರ್ ಗಾಳಿ 2 ಪಿಎಸ್‌ಐ ಲೆಕ್ಕದಲ್ಲಿ ಬದಲಿಸಿ ನೋಡಿ, ಒಂದೇ ಸಲ 6 ಇಳಿಸಬೇಡಿ.

ಎರಡನೇ_ಗೇರ್:

ನಾಲ್ಕು ಚಕ್ರದ ತೂಕ ಬೇರೆ ಬೇರೆ ತೆಗೆಯೋಕೆ ಅಡಿಕೆ ಮಂಡಿಯ ಪ್ಲಾಟ್‌ಫಾರ್ಮ್ ಯಂತ್ರ ಒಂದೇ ಸಿಗೋದು. ಒಂದರಲ್ಲಿ ಆಗುತ್ತಾ?

ಪ್ಲಾಟ್‌ಫಾರ್ಮ್_ತಕ್ಕಡಿ:

ಆಗುತ್ತೆ. 500 ಕೆ.ಜಿ. ತಾಳೋದು ಬೇಕು, ಮುಂದಿನ ಒಂದು ಚಕ್ರದ ಮೇಲೇ 270ರ ಹತ್ತಿರ ಇರುತ್ತೆ, ಡ್ರೈವರ್ ಕೂತರೆ ಇನ್ನೂ ಹೆಚ್ಚು, 300ರ ಯಂತ್ರ ಅಂಚಿಗೆ ಬಂದುಬಿಡುತ್ತೆ. ಯಂತ್ರದ ತಟ್ಟೆಯ ಎತ್ತರಕ್ಕೆ ಸರಿಯಾಗಿ ಮರದ ಹಲಗೆ ಜೋಡಿಸಿ ಉಳಿದ ಮೂರು ಚಕ್ರದ ಕೆಳಗಿಡಿ. ಎತ್ತರವನ್ನ ನೀರು ತುಂಬಿದ ಪಾರದರ್ಶಕ ಪೈಪಿನಿಂದ ನೋಡಿ, ಗಾರೆಯವರು ಮಟ್ಟ ನೋಡ್ತಾರಲ್ಲ ಹಾಗೆ. ಒಂದು ಚಕ್ರ 10 ಮಿ.ಮೀ. ಮೇಲಿದ್ದರೂ ಆ ಮೂಲೆ ಕೆಲವು ಕೆ.ಜಿ. ಸುಳ್ಳು ಹೇಳುತ್ತೆ. ಸ್ಟಿಯರಿಂಗ್ ನೇರ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ, ನ್ಯೂಟ್ರಲ್, ಚಕ್ರಕ್ಕೆ ಕಲ್ಲು ಕೊಡಿ. ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕದಷ್ಟು ಅಕ್ಕಿ ಮೂಟೆ. ಓದೋ ಮುಂಚೆ ಬಾನೆಟ್, ಡಿಕ್ಕಿ ಎರಡೂ ಕಡೆ ಮೂರು ಮೂರು ಸಲ ಒತ್ತಿ ಬಿಡಿ, ಇಲ್ಲದಿದ್ದರೆ ಸಸ್ಪೆನ್ಷನ್ ಹಿಡಿದುಕೊಂಡ ಜಾಗದಲ್ಲೇ ಕೂತಿರುತ್ತೆ.

ಸೀಟು, ಸ್ಟೆಪ್ನಿ ವಾಪಸ್ ಹಾಕೋ ಮುಂಚೆ ಮೈದಾನದಲ್ಲೇ ಕತ್ತಲಾದರೆ ಹೆಡ್‌ಲೈಟ್ ಕಡೆ ಗಮನ ಇರಲಿ. ಸ್ಪ್ರಿಂಗಿನ ಗಡಸಿನ ಮೇಲೆ ಹಿಂದೆ 10-15 ಮಿ.ಮೀ. ಏಳುತ್ತೆ, 10 ಮೀಟರ್ ಮುಂದಿನ ಗೋಡೆ ಮೇಲೆ ಬೆಳಕು ನಾಲ್ಕರಿಂದ ಆರು ಸೆಂ.ಮೀ. ಕೆಳಗೆ ಬೀಳುತ್ತೆ. ಡ್ಯಾಶಿನ ಹೆಡ್‌ಲೈಟ್ ಲೆವೆಲಿಂಗ್ ತಿರುಪು 0ಗೆ ಇಡಿ.